ಹದಿನಾರು ಸಲ ಮಾಡಿದರೂ ಅಮ್ಮನ ಸಾರು ಬರುತ್ತಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಒಂಟಿ ಒಲೆ · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕಾಯಿತು. ಈಗಷ್ಟೇ ಹದಿನಾರನೇ ಸಲ ತಿಳಿಸಾರು ಮಾಡಿ, ಹದಿನಾರನೇ ಸಲ ಬೇಜಾರಾಗಿ, ಮೊಸರನ್ನ ಉಂಡು ಬಂದು ಕೂತಿದ್ದೇನೆ.

ಊರು ಮೈಸೂರು, ಕೆಲಸ ಬೆಂಗಳೂರು. ಒಂದು ವರ್ಷದಿಂದ ಒಬ್ಬನೇ ಇದ್ದೇನೆ. ಹೊರಗೆ ತಿಂದು ಹೊಟ್ಟೆ ಕೆಟ್ಟ ಮೇಲೆ ಅಡುಗೆ ಶುರು ಮಾಡಿದೆ. ಅನ್ನ ಬರುತ್ತದೆ. ಉಪ್ಪಿಟ್ಟು ಗಂಟಾಗುವುದಿಲ್ಲ. ಚಿತ್ರಾನ್ನ ಮಾಡಿದರೆ ಪಕ್ಕದ ಮನೆಯವರು ಡಬ್ಬಿ ತಂದು ಹಾಕಿಸಿಕೊಂಡು ಹೋಗುತ್ತಾರೆ. ಸಾರು ಮಾತ್ರ ಕೈಗೆ ಹತ್ತುತ್ತಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ನಗಬೇಡಿ. ಮೊದಲ ಮೂರು ಸಲ ಅಂಗಡಿ ಪುಡಿ, ಖಾರದ ನೀರಾಯಿತು. ನಾಲ್ಕನೆಯದಕ್ಕೆ ಟೊಮೇಟೊ ಎರಡರ ಬದಲು ನಾಲ್ಕು ಹಾಕಿದೆ, ಮದುವೆ ಮನೆಯ ಸೂಪ್ ಆಯಿತು. ಏಳನೆಯದಕ್ಕೆ ಬೆಲ್ಲ ಹೆಚ್ಚಿತು. ಒಂಬತ್ತಕ್ಕೆ ಉಪ್ಪೇ ಮರೆತೆ, ಅದು ಲೆಕ್ಕಕ್ಕಿಲ್ಲ. ಹನ್ನೆರಡನೆಯದಕ್ಕೆ ಅಮ್ಮನೇ ಮಾಡಿಕೊಟ್ಟ ಪುಡಿ, ಅಮ್ಮನದೇ ಡಬ್ಬಿ. ಆಗಲೂ ಇಲ್ಲ! ಹದಿನಾಲ್ಕಕ್ಕೆ ಕುಕ್ಕರ್ ಬಿಟ್ಟು ತಪ್ಪಲೆಯಲ್ಲಿ ಬೇಳೆ ಬೇಯಿಸಿದೆ. ಒಂದೂ ಕಾಲು ಗಂಟೆ ಆದರೂ ಬೇಳೆ ಹಲ್ಲಿಗೆ ಸಿಗುತ್ತಿತ್ತು. ಅಷ್ಟರಲ್ಲಿ ಗ್ಯಾಸ್ ಮುಗಿಯಿತು.

ಏನು ಕಮ್ಮಿ ಅಂತ ಹೇಳುವುದು ಕಷ್ಟ. ಅಮ್ಮನ ಸಾರಿಗೆ ಒಂದು ಮೈ ಇದೆ. ನನ್ನದರಲ್ಲಿ ಹುಳಿ ಬೇರೆ, ಖಾರ ಬೇರೆ, ನೀರು ಬೇರೆ. ಮೂವರೂ ಒಂದೇ ಮನೆಯಲ್ಲಿದ್ದಾರೆ, ಮಾತು ಬಿಟ್ಟಿದ್ದಾರೆ.

ಅಮ್ಮನನ್ನು ಕೇಳಿದರೆ "ಎಲ್ಲರೂ ಮಾಡೋ ಹಾಗೇ ಕಣೋ" ಅನ್ನುತ್ತಾಳೆ. ಪುಡಿ ಎಷ್ಟು? "ಕೈಗೆ ಬಂದಷ್ಟು." ನನ್ನ ಕೈಗೆ ಏನೂ ಬರುತ್ತಿಲ್ಲ. ಯಾರಾದರೂ ದಾರಿ ತೋರಿಸಿ.

ಕುಕ್ಕರ್ ಸೀಟಿ · 9.52

ಇಂಗು.

ಒಂಟಿ ಒಲೆ · 9.53

ಹಾಕುತ್ತೇನೆ.

ಕುಕ್ಕರ್ ಸೀಟಿ · 9.53

ಇನ್ನೂ ಹಾಕಿ.

ಚಾಮರಾಜಪುರದ ಸುಬ್ಬಕ್ಕ · 10.05

ತಮ್ಮಾ, ನೀನು ಪುಡಿ ಯಾವಾಗ ಹಾಕುತ್ತೀಯ ಅಂತ ಬರೆದೇ ಇಲ್ಲ. ಎಲ್ಲರೂ ಎಡವುವುದು ಅಲ್ಲೇ. ಮೊದಲು ಹುಣಸೆ ನೀರು, ಟೊಮೇಟೊ, ಉಪ್ಪು, ಒಂದು ಚೂರು ಬೆಲ್ಲ, ಎರಡು ಎಸಳು ಕರಿಬೇವು, ಇಷ್ಟೇ ಇಟ್ಟು ಕುದಿಸಬೇಕು. ಹುಣಸೆಯ ಹಸಿ ವಾಸನೆ ಪೂರ್ತಿ ಹೋಗಬೇಕು. ಆಮೇಲೆ ಬೆಂದ ಬೇಳೆ. ಪುಡಿ ಕೊನೆಗೆ. ಪುಡಿ ಬಿದ್ದ ಮೇಲೆ ಒಂದೇ ಕುದಿ. ನೊರೆ ಎದ್ದು ಪಾತ್ರೆಯ ಕಂಠಕ್ಕೆ ಬರುವಾಗ ಒಲೆ ಆರಿಸು. ಕೊತಕೊತ ಕುದಿಸಿದರೆ ಪುಡಿಯ ಘಮ ಎಲ್ಲಾ ಬೀದಿಗೆ ಹೋಗುತ್ತದೆ, ಪಾತ್ರೆಯಲ್ಲಿ ಕಹಿ ಮಾತ್ರ ಉಳಿಯುತ್ತದೆ.

ನಿಮ್ಮ ಮನೆಯ ಮುಂದೆ ಹೋಗುವವರು "ಏನು ಘಮಘಮ" ಅಂದರೆ ನಿನ್ನ ಸಾರು ಕೆಟ್ಟಿತು ಅಂತ ಅರ್ಥ.

ಮಂಡ್ಯದ ಮುದ್ದೆ · 10.11

ಸುಬ್ಬಕ್ಕ, ನಮ್ಮ ಕಡೆ ಪುಡಿ ಮೊದಲೇ ಹಾಕಿ ಚೆನ್ನಾಗಿ ಕುದಿಸುತ್ತೇವೆ. ಏನೂ ಕಹಿ ಆಗಲ್ಲ.

ಚಾಮರಾಜಪುರದ ಸುಬ್ಬಕ್ಕ · 10.14

ನಿಮ್ಮದು ಸಾರಲ್ಲ, ಸಾಂಬಾರು.

ಮಂಡ್ಯದ ಮುದ್ದೆ · 10.15

ನೀವು ಸಾಂಬಾರು ಅಂದರೆ ಅದನ್ನೂ ಸಾರು ಅನ್ನುತ್ತೇವೆ ನಾವು. ಕೋಳಿ ಹಾಕಿದರೂ ಸಾರೇ.

ಪುಡಿ ಪುರಾಣ · 10.30

ಅಮ್ಮನ ಪುಡಿ ಹಾಕಿದರೂ ಬರಲಿಲ್ಲ ಅಂದಮೇಲೆ ಪುಡಿ ಬಿಡಿ ಅನ್ನುತ್ತೀರೇನೋ. ಆದರೂ ಕೇಳುತ್ತೇನೆ, ಅದು ಸಾರಿನ ಪುಡಿಯಾ, ಹುಳಿ ಪುಡಿಯಾ? ಎರಡೂ ಕೆಂಪಗೇ ಇರುತ್ತವೆ, ಎಷ್ಟೋ ಜನ ಡಬ್ಬಿ ತಪ್ಪುತ್ತಾರೆ. ಹುಳಿ ಪುಡಿಗೆ ಕಡಲೆಬೇಳೆ, ಉದ್ದಿನಬೇಳೆ, ಚಕ್ಕೆ ಬೀಳುತ್ತದೆ. ಸಾರಿನ ಪುಡಿಗೆ ಬೇಳೆ ಇಲ್ಲ. ನಮ್ಮ ಮನೆಯ ಅಳತೆ: ಧನಿಯಾ ನಾಲ್ಕು ಬಟ್ಟಲು, ಜೀರಿಗೆ ಒಂದು, ಮೆಣಸು ಅರ್ಧ, ಮೆಂತ್ಯ ಕಾಲಕ್ಕಿಂತ ಕಮ್ಮಿ, ಒಂದು ಹಿಡಿ ಒಣಗಿದ ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ಕಣ್ಣಂದಾಜು. ಒಂದೊಂದನ್ನೂ ಬೇರೆಬೇರೆ ಹುರಿಯಬೇಕು. ಒಟ್ಟಿಗೆ ಹುರಿದರೆ ಧನಿಯಾ ಬೆಚ್ಚಗಾಗುವಷ್ಟರಲ್ಲಿ ಜೀರಿಗೆ ಕರಕಲು.

ಬ್ಯಾಡಗಿ ಅಂತ ಕೊಟ್ಟಿದ್ದೆಲ್ಲಾ ಬ್ಯಾಡಗಿ ಅಲ್ಲ. ಸಿಪ್ಪೆ ಸುಕ್ಕುಸುಕ್ಕಾಗಿರಬೇಕು. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಆದರೆ ಅಂಗಡಿಯವನ ಚೀಲಕ್ಕೆ ಅದು ಗೊತ್ತಿಲ್ಲ. ನುಣ್ಣಗೆ ಉದ್ದಕ್ಕೆ ಹೊಳೆಯುತ್ತಿದ್ದರೆ ಅದು ಗುಂಟೂರು ಕಡೆಯದಿರಬಹುದು. ಬಣ್ಣ ಬರಲ್ಲ, ಕಣ್ಣಲ್ಲಿ ನೀರು ಬರುತ್ತದೆ.

ಒಂಟಿ ಒಲೆ · 10.41

ಸಾರಿನ ಪುಡಿಯೇ. ಡಬ್ಬಿ ಮೇಲೆ ಅಮ್ಮ ಚೀಟಿ ಅಂಟಿಸಿದ್ದಾಳೆ, "ಸಾರು, ಹುಳಿ ಅಲ್ಲ" ಅಂತ.

ಧಾರವಾಡದಂವ · 10.48

ಟೊಮೇಟೊ ಹಾಕಿದ ಕೂಡಲೇ ಅದು ಸಾರು ಹೇಗಾಯಿತು? ನಮ್ಮಜ್ಜಿ ಹುಣಸಿ ಹುಳಿ ಅಷ್ಟೇ ಹಾಕುತ್ತಿದ್ದಳು. ಟೊಮೇಟೊಗೆ ಚಪ್ಪರಬದನಿಕಾಯಿ ಅನ್ನುತ್ತಿದ್ದಳು, ಅದೇನು ಬದನಿಕಾಯಿ ಬಳಗ ಸಾರಿಗೆ ಅಂತ ಬೈಯುತ್ತಿದ್ದಳು.

ಒಮ್ಮೆ ಕಟ್ಟಿನ ಸಾರು ಮಾಡಿ ನೋಡಿ. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿದ ನೀರು, ಅದೇ ಕಟ್ಟು. ಅದಕ್ಕೆ ಒಂದು ಚಮಚ ಹೂರಣ ಕಲಸಿ, ಒಣಕೊಬ್ಬರಿ ಸುಟ್ಟು ಅರೆದು ಹಾಕಿ. ಮೈ ಮೈ ಅನ್ನುತ್ತೀರಲ್ಲ, ಅಲ್ಲಿ ಸಿಗುತ್ತದೆ.

ಒಂಟಿ ಒಲೆ · 10.55

ಅಣ್ಣ, ಒಬ್ಬನಿಗೆ ಸಾರು ಬೇಕು ಅಂತ ಹೋಳಿಗೆ ಮಾಡಲಾ?

ಧಾರವಾಡದಂವ · 10.56

ಮಾಡಿ. ವಿಳಾಸ ಕಳಿಸಿ.

ಕಡಲ ಕರಾವಳಿ · 11.02

ಟೊಮೇಟೊ ವಿಷಯಕ್ಕೆ ಧಾರವಾಡದವರ ಪಕ್ಷ ನಾನು. ನಮ್ಮಲ್ಲಿ ಶ್ರಾದ್ಧದ ಅಡುಗೆಗೆ ಇವತ್ತಿಗೂ ಟೊಮೇಟೊ ಇಲ್ಲ, ಸಾರು ಏನೂ ಸೊರಗಿಲ್ಲ. 2023ರ ಜುಲೈಯಲ್ಲಿ ಕಿಲೋ 100 ದಾಟಿತ್ತಲ್ಲ, ಆಗ ಇಡೀ ಬೆಂಗಳೂರು ಟೊಮೇಟೊ ಬಿಟ್ಟು ಸಾರು ಮಾಡಲು ಕಲಿತಿತ್ತು. ಬೆಲೆ ಇಳಿದ ಮೇಲೆ ಮರೆತರು. ನಮ್ಮ ಸಾರಿಗೆ ಧನಿಯಾ, ಜೀರಿಗೆ, ಮೆಂತ್ಯ, ಮೆಣಸಿನಕಾಯಿಯನ್ನು ತೆಂಗಿನೆಣ್ಣೆಯಲ್ಲಿ ಹುರಿದು ಆಗಿಂದಾಗ್ಗೆ ಪುಡಿ ಮಾಡುತ್ತೇವೆ. ಡಬ್ಬಿಯಲ್ಲಿ ಆರು ತಿಂಗಳು ಇಟ್ಟ ಪುಡಿಯಲ್ಲಿ ಏನು ಉಳಿದಿರುತ್ತದೆ?

ಕೋಲಾರದ ಹುಡುಗ · 11.09

ನಮ್ಮೂರಿನ ಹೊಟ್ಟೆ ಮೇಲೆ ಹೊಡೆಯಬೇಡಿ ಸಾರ್. ಆ ವರ್ಷ ನೂರು ದಾಟಿದ್ದು ಎಲ್ಲರಿಗೂ ನೆನಪಿದೆ. ಕಿಲೋ ಐದು ರೂಪಾಯಿ ಆದಾಗ ರಸ್ತೆಗೆ ಸುರಿದಿದ್ದು ಯಾರಿಗೂ ನೆನಪಿಲ್ಲ.

ಕಡಲ ಕರಾವಳಿ · 11.12

ಅದು ನಿಜ. ಹಿಂದೆ ತೆಗೆದುಕೊಂಡೆ.

ರಸಾಯನ ಮೇಷ್ಟ್ರು · ಸೋಮವಾರ ಬೆಳಿಗ್ಗೆ 6.20

ಎಲ್ಲರೂ ರುಚಿ ಹಿಂದೆ ಬಿದ್ದಿದ್ದೀರಿ. ಹದಿನಾಲ್ಕನೇ ಪ್ರಯೋಗ ಯಾರೂ ಗಮನಿಸಲಿಲ್ಲ. ಒಂದೂ ಕಾಲು ಗಂಟೆ ಆದರೂ ತೊಗರಿಬೇಳೆ ಬೇಯಲಿಲ್ಲ ಅಂದರೆ ಸಮಸ್ಯೆ ನೀರಿನಲ್ಲಿದೆ. ನಿಮ್ಮ ಮನೆಗೆ ಕಾವೇರಿ ಬರುತ್ತದೆಯೋ, ಬೋರ್‌ವೆಲ್ಲೋ?

ಒಂಟಿ ಒಲೆ · 8.15

ಟ್ಯಾಂಕರ್. ಬಕೆಟ್ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ.

ರಸಾಯನ ಮೇಷ್ಟ್ರು · 8.40

ಅಲ್ಲಿಗೆ ಸಿಕ್ಕಿತು. ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಜೊತೆ ಕ್ಯಾಲ್ಸಿಯಂ ಸೇರಿಕೊಂಡರೆ ಬೇಳೆ ಕರಗುವುದಿಲ್ಲ. ಹುಳಿ ಮೊದಲೇ ಹಾಕಿದರೂ ಇದೇ ಪಾಡು. ಅದಕ್ಕೇ ಬೇಳೆ ಪೂರ್ತಿ ಬೆಂದ ಮೇಲೆಯೇ ಹುಣಸೆ ಅಂತ ಹಿರಿಯರು ಹೇಳುತ್ತಿದ್ದುದು. ಬೇಳೆ ಹಳೆಯದಾದರೆ ಇನ್ನೂ ನಿಧಾನ.

ಜೊತೆಗೆ ಊರಿನ ಎತ್ತರ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಒಳಗೆ 120ರ ಹತ್ತಿರ ಹೋಗುತ್ತದೆ. ತೆರೆದ ತಪ್ಪಲೆಯಲ್ಲಿ ಗ್ಯಾಸ್ ಸುಡುವುದು ಬಿಟ್ಟು, ಕುಡಿಯುವ ಫಿಲ್ಟರ್ ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸಿ. ಬೇಳೆ ಕರಗಿದರೆ ಮೈ ತಾನಾಗಿ ಬರುತ್ತದೆ.

ಮ್ಯಾಂಚೆಸ್ಟರ್ ಮೀನಾ · 2.10

ಮೇಷ್ಟ್ರ ಮಾತಿಗೆ ನಾನು ಸಾಕ್ಷಿ. ಲಂಡನ್ನಿನಲ್ಲಿ ನಾಲ್ಕು ವರ್ಷ ಇದ್ದೆವು. ಕೆಟಲ್ ಒಳಗೆಲ್ಲಾ ಸುಣ್ಣ. ಬೇಳೆಗೆ ಆರು ಸೀಟಿ ಹೊಡೆಸಿದರೂ ತಳದಲ್ಲಿ ಕಾಳುಕಾಳು. ಯಜಮಾನರು ಕುಕ್ಕರ್ ಸರಿ ಇಲ್ಲ ಅಂತ ಊರಿಂದ ಹೊಸದು ತರಿಸಿದರು. ಆಮೇಲೆ ಮ್ಯಾಂಚೆಸ್ಟರಿಗೆ ಬಂದೆವು. ಅದೇ ಬೇಳೆ, ಹಳೇ ಕುಕ್ಕರ್, ಮೂರು ಸೀಟಿಗೆ ಬೆಣ್ಣೆ! ಇಲ್ಲಿನ ನೀರು ಮೆದು ಅಂತ ಆಮೇಲೆ ಗೊತ್ತಾಯಿತು. ಹೊಸ ಕುಕ್ಕರ್ ಇನ್ನೂ ಡಬ್ಬದಲ್ಲೇ ಇದೆ.

ಕುಕ್ಕರ್ ಸೀಟಿ · 2.31

ಆ ಡಬ್ಬದ ಕುಕ್ಕರ್ ಮಾರುತ್ತೀರಾ ಮೇಡಂ?

ಬೆಂದಕಾಳೂರು · 2.50

ಇಂಗಿನ ಬಗ್ಗೆ ಒಂದು ಮಾತು. ಅಂಗಡಿಯ ಇಂಗಿನ ಡಬ್ಬಿಯ ಹಿಂದೆ ಸಣ್ಣಕ್ಷರ ಓದಿ. ಮೈದಾ, ಗೋಂದು ಬೆರೆಸಿರುತ್ತಾರೆ, ಶುದ್ಧ ಇಂಗು ನಾಲಿಗೆಗೆ ಇಡಲು ಆಗಲ್ಲ. ಕಚ್ಚಾ ಮಾಲು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುತ್ತದೆ. ನಮ್ಮ ದೇಶದಲ್ಲಿ ಗಿಡ ನೆಟ್ಟಿದ್ದೇ 2020ರಲ್ಲಿ, ಹಿಮಾಚಲದ ಲಾಹೌಲ್‌ನಲ್ಲಿ. ಗಟ್ಟಿ ಇಂಗು ತಂದು, ಕಡಲೆಕಾಳಿನಷ್ಟು ನೀರಲ್ಲಿ ನೆನೆಸಿ ಆ ನೀರು ಹಾಕಿ.

ಮೂಲಂಗಿ ಮನೆ · 3.05

ಇಷ್ಟೆಲ್ಲಾ ಯಾಕೆ? ದಿನಾ ಅದೇ ಸಾರು ಯಾಕೆ ಬೇಕು? ನಾನು ವಾರಕ್ಕೊಂದು ಹೊಸ ಪ್ರಯೋಗ ಮಾಡುತ್ತೇನೆ. ಹೀರೇಕಾಯಿ ಸಿಪ್ಪೆ ಚಟ್ನಿ, ಮೂಲಂಗಿ ಸೊಪ್ಪಿನ ಪಲ್ಯ, ಕಲ್ಲಂಗಡಿಯ ಬಿಳಿ ಭಾಗ ತುರಿದು ಅಕ್ಕಿ ಜೊತೆ ರುಬ್ಬಿ ದೋಸೆ. ಎಲ್ಲಾ ಕಸದಬುಟ್ಟಿಗೆ ಹೋಗುವ ಸಾಮಾನು.

ಕಳೆದ ತಿಂಗಳು ಓಟ್ಸ್ ಹಾಕಿ ಬಿಸಿಬೇಳೆಬಾತ್ ಮಾಡಿದೆ. ಅದರ ಬಗ್ಗೆ ಕೇಳಬೇಡಿ.

ಮಂಡ್ಯದ ಮುದ್ದೆ · 3.07

ಕೇಳುತ್ತಿದ್ದೇನೆ.

ಮೂಲಂಗಿ ಮನೆ · 3.20

ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು. ಮಗ ಒಂದು ತುತ್ತು ಬಾಯಿಗಿಟ್ಟು "ಅಮ್ಮಾ, ಇದು ಊಟವಾ ತಿಂಡಿಯಾ ಔಷಧಿಯಾ" ಅಂದ.

ಹಿತ್ತಲ ದೊಡ್ಡಪತ್ರೆ · 3.41

ಸಾಗರದ ಕಡೆಯವಳು ನಾನು. ಒಬ್ಬರೇ ಇರುವವರು ಸಾರಿಗೆ ಯಾಕೆ ಒದ್ದಾಡುತ್ತೀರಿ? ತಂಬುಳಿ ಮಾಡಿಕೊಳ್ಳಿ. ಹತ್ತು ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸಿನಕಾಳು ತುಪ್ಪದಲ್ಲಿ ಬಾಡಿಸಿ, ಒಂದು ಹಿಡಿ ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಕಲಸಿ ಉಪ್ಪು ಹಾಕಿ. ಕುದಿಸುವುದೇ ಬೇಡ. ದೊಡ್ಡಪತ್ರೆ ಒಂದು ಕಡ್ಡಿ ಚುಚ್ಚಿದರೆ ಬಾಲ್ಕನಿಯಲ್ಲೂ ಬರುತ್ತದೆ. ಎಲೆ ಸಿಗದಿದ್ದರೆ ಶುಂಠಿ, ಅದೂ ಇಲ್ಲದಿದ್ದರೆ ಮೆಂತ್ಯ, ಏನೂ ಇಲ್ಲದಿದ್ದರೆ ಒಣಗಿಸಿಟ್ಟ ದಾಳಿಂಬೆ ಸಿಪ್ಪೆ. ನಿಮ್ಮ ಹದಿನಾರು ಸಾರಿನ ಹೊತ್ತಿನಲ್ಲಿ ನೂರು ತಂಬುಳಿ ಆಗುತ್ತಿತ್ತು.

ಒಂಟಿ ಒಲೆ · 7.30

ಅಕ್ಕ, ತಂಬುಳಿ ಖಂಡಿತ ಮಾಡುತ್ತೇನೆ. ಆದರೆ ಇದು ಈಗ ಹಟ.

ಇಬ್ಬರು ಮಕ್ಕಳ ತಾಯಿ · 8.02

ಒಂದು ಮಾತು ಹೇಳಲಾ? ಹೆಂಗಸು ದಿನಾ ಮಾಡಿದರೆ ಅದು ಅಡುಗೆ. ಗಂಡಸು ಹದಿನಾರು ಸಲ ಮಾಡಿದರೆ ಅದು ಪ್ರಯೋಗ, ನೋಟ್‌ಬುಕ್ ಬೇರೆ! ನಾನು ಹದಿಮೂರು ವರ್ಷದಿಂದ ಸಾರು ಮಾಡುತ್ತಿದ್ದೇನೆ. ಚೆನ್ನಾಗಿ ಆಗದ ದಿನ "ಇವತ್ತು ಪ್ರಯೋಗ" ಅಂತ ಹೇಳಿ ಮೊಸರನ್ನ ಉಂಡು ಏಳುವ ಭಾಗ್ಯ ನನಗಿಲ್ಲ. ಎದುರಿಗೆ ಮೂರು ತಟ್ಟೆ ಇರುತ್ತವೆ.

ಕುಕ್ಕರ್ ಸೀಟಿ · 8.05

ಅಯ್ಯೋ ಮೇಡಂ, ಹುಡುಗ ಕಲಿಯುತ್ತಿದ್ದಾನೆ. ಬಿಡಿ.

ಇಬ್ಬರು ಮಕ್ಕಳ ತಾಯಿ · 8.07

ಬಯ್ಯಲಿಲ್ಲ. ನೋಟ್‌ಬುಕ್ ನನಗೂ ಬೇಕಿತ್ತು ಅಂದೆ.

ಒಂಟಿ ಒಲೆ · 8.20

ನೀವು ಹೇಳಿದ್ದು ಸರಿ ಅಕ್ಕ. ನನ್ನ ಎದುರಿಗೆ ಒಂದೇ ತಟ್ಟೆ, ಅದೂ ನನ್ನದೇ.

ಚಾಮರಾಜಪುರದ ಸುಬ್ಬಕ್ಕ · 8.45

ಅದಿರಲಿ. ತಮ್ಮಾ, ಒಂದು ಕೇಳುವುದು ಬಿಟ್ಟುಹೋಯಿತು. ನಿಮ್ಮಮ್ಮ ನಿನಗೆ ತಿಳಿ ಬಡಿಸುತ್ತಾರಾ, ಗಷ್ಟಾ? ಸೌಟು ಅದ್ದುವಾಗ ಮೇಲಿಂದ ಬಗ್ಗಿಸುತ್ತಾರಾ, ತಳದಿಂದ ಕಲಕಿ ಎತ್ತುತ್ತಾರಾ?

ಒಂಟಿ ಒಲೆ · 8.51

ಗೊತ್ತಿಲ್ಲ. ತಟ್ಟೆಗೆ ಬಿದ್ದ ಮೇಲೆಯೇ ನಾನು ನೋಡುತ್ತಿದ್ದುದು.

ಇಬ್ಬರು ಮಕ್ಕಳ ತಾಯಿ · 8.52

ನೋಡಿದಿರಾ.

ಮಂಡ್ಯದ ಮುದ್ದೆ · 9.10

ಬಸ್ಸಾರು ಕಲಿಯಿರಿ, ಈ ರಗಳೆಯೇ ಇರಲ್ಲ. ಸೊಪ್ಪು, ಕಾಳು ಬೇಯಿಸಿ ನೀರು ಬಸಿದುಕೊಳ್ಳಿ. ಬೆಂದ ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ ಆಯಿತು. ಅದರಲ್ಲೇ ಒಂದು ಹಿಡಿ ತೆಗೆದು ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಖಾರ, ಹುಣಸೆ ಜೊತೆ ರುಬ್ಬಿ ಬಸಿದ ನೀರಿಗೆ ಹಾಕಿ ಕುದಿಸಿ. ಒಂದೇ ಬೇಯಿಸುವುದು, ಎರಡು ಪದಾರ್ಥ. ಜೊತೆಗೆ ಬಿಸಿ ಮುದ್ದೆ. ಮೊದಲ ದಿನಕ್ಕಿಂತ ಮಾರನೇ ದಿನದ ಬಸ್ಸಾರು ಇನ್ನೂ ರುಚಿ. ನಮ್ಮಪ್ಪ ಮೊದಲ ದಿನ ಉಣ್ಣುವುದೇ ಇಲ್ಲ, ನಾಳೆಗೆ ಎತ್ತಿಡಿ ಅನ್ನುತ್ತಾರೆ.

ಮ್ಯಾಂಚೆಸ್ಟರ್ ಮೀನಾ · 11.30

ಮುದ್ದೆ ಅಂದಿರಲ್ಲ. ನನ್ನ ಮುದ್ದೆ ಯಾವಾಗಲೂ ಗಂಟು. ಒಡೆದರೆ ಒಳಗೆ ಒಣ ಹಿಟ್ಟು. ಏನು ಮಾಡಲಿ?

ಮಂಡ್ಯದ ಮುದ್ದೆ · ಮಂಗಳವಾರ ಬೆಳಿಗ್ಗೆ 7.00

ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮೊದಲು ಒಂದು ಚಮಚ ಹಿಟ್ಟು ತಣ್ಣೀರಲ್ಲಿ ಕದಡಿ ಹಾಕಿ, ಗಂಜಿ ಹಾಗೆ ಕುದಿಸಿ. ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ. ಕಲಕಬೇಡಿ! ಗುಡ್ಡೆಯ ನಡುವೆ ಕೋಲಿನಲ್ಲಿ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಿ. ಸುತ್ತಲಿನ ನೀರು ಉಕ್ಕಿ ಆ ತೂತಿನ ಮೇಲೆ ಬರುತ್ತದೆ. ಆಗ ಇಳಿಸಿ, ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ಬಲವಾಗಿ ತೊಳಸಿ. ಅವಸರದಲ್ಲಿ ಮೊದಲೇ ಕಲಕಿದ್ದಕ್ಕೇ ಗಂಟು. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ.

ಮ್ಯಾಂಚೆಸ್ಟರ್ ಮೀನಾ · ಮಧ್ಯಾಹ್ನ 3.15

ಕೋಲು ಇಲ್ಲ. ಚಪಾತಿ ಲಟ್ಟಣಿಗೆ ನಡೆಯುತ್ತಾ?

ಮಂಡ್ಯದ ಮುದ್ದೆ · 3.16

ನಡೆಯುತ್ತೆ. ಯಾರಿಗೂ ಹೇಳಬೇಡಿ.

ತಾಮ್ರದ ಬಿಂದಿಗೆ · ರಾತ್ರಿ 9.15

ಪಾತ್ರೆ ಯಾವುದು ಅಂತ ಯಾರೂ ಕೇಳಲಿಲ್ಲ ನೋಡಿ. ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಯ ಸಾರಿನ ರುಚಿಯೇ ಬೇರೆ. ಮೊದಲು ಬೀದಿಗೆ "ಕಲಾಯೀ" ಅಂತ ಕೂಗುತ್ತಾ ಬರುತ್ತಿದ್ದರು. ತಿದಿ ಒತ್ತಿ, ಪಾತ್ರೆ ಕೆಂಪಗೆ ಕಾಯಿಸಿ, ನವಸಾಗರ ಹಾಕಿ ಹತ್ತಿಯಲ್ಲಿ ತವರ ಉಜ್ಜಿದರೆ ಒಳಗೆಲ್ಲಾ ಬೆಳ್ಳಿ. ಈಗ ಹುಡುಕಿದರೂ ಸಿಗಲ್ಲ. ಕಲಾಯಿ ಇಲ್ಲದ ಪಾತ್ರೆಗೆ ಮಾತ್ರ ಹುಳಿ ಹಾಕಬೇಡಿ, ಕಿಲುಬು ಹಿಡಿಯುತ್ತದೆ, ಹೊಟ್ಟೆ ಕೆಡುತ್ತದೆ.

ಒಂಟಿ ಒಲೆ · 9.30

ನಮ್ಮ ಮನೆಯಲ್ಲಿ ಸ್ಟೀಲ್ ಪಾತ್ರೆ. ತಳದಲ್ಲಿ ಅಜ್ಜನ ಹೆಸರು ಕೊರೆದಿದೆ.

ಇವತ್ತು ಹದಿನೇಳನೆಯದು ಮಾಡಿದೆ. ಫಿಲ್ಟರ್ ನೀರು, ಕುಕ್ಕರ್, ಹುಣಸೆ ಮೊದಲು, ಪುಡಿ ಕೊನೆಗೆ, ಗಟ್ಟಿ ಇಂಗು. ಮೇಷ್ಟ್ರೇ, ಬೇಳೆ ಬೆಣ್ಣೆ. ಸುಬ್ಬಕ್ಕ, ಘಮ ಪಾತ್ರೆಯಲ್ಲೇ ಇತ್ತು. ತುಂಬಾ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಆದರೆ ಅಮ್ಮನದಲ್ಲ. ಶನಿವಾರ ಮೈಸೂರಿಗೇ ಹೋಗಿ ಎದುರಿಗೆ ಕೂತು ನೋಡುತ್ತೇನೆ.

ಕುಕ್ಕರ್ ಸೀಟಿ · 9.31

ವೀಡಿಯೊ ಮಾಡಿ.

ಒಂಟಿ ಒಲೆ · ಭಾನುವಾರ ರಾತ್ರಿ 10.20

ಸಿಕ್ಕಿತು!!

ನಿನ್ನೆ ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಅಮ್ಮ "ಕಾಲಡಿ ಬರಬೇಡ" ಅಂದಳು. ಬೇಳೆ ಮೂರು ನೀರಲ್ಲಿ ತೊಳೆದಳು. ಅರಿಶಿನ, ಎರಡು ಹನಿ ಎಣ್ಣೆ, ನಾಲ್ಕು ಸೀಟಿ. ಹುಣಸೆ ಕಿವುಚಿದಳು. ಪುಡಿಯನ್ನು ಅಂಗೈ ಗುಂಡಿಗೆ ಸುರಿದುಕೊಂಡು ನೋಡಿ, ಸ್ವಲ್ಪ ವಾಪಸ್ ಡಬ್ಬಿಗೆ ಹಾಕಿದಳು. ನಾನು ಅವಳ ಕೈ ಹಿಡಿದು ಚಮಚದಲ್ಲಿ ಅಳೆದೆ. ಎರಡು ಟೀ ಚಮಚ. ನಾನು ಹಾಕುವುದೂ ಅಷ್ಟೇ.

ಮಧ್ಯಾಹ್ನ ಒಂದಕ್ಕೆ ಬಡಿಸಿದಳು. ಒಂದು ತುತ್ತು ಉಂಡೆ. ನಿಜ ಹೇಳುತ್ತೇನೆ, ಅದು ನನ್ನ ಹದಿನೇಳನೇ ಸಾರು. ಎರಡರಲ್ಲಿ ಏನೂ ವ್ಯತ್ಯಾಸ ಇಲ್ಲ. "ಅಮ್ಮಾ, ಇವತ್ತು ಸಾರು ಕೆಟ್ಟಿದೆ" ಅಂದೆ. ಅಪ್ಪ ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದರು.

ರಾತ್ರಿ ಎಂಟೂವರೆಗೆ ಅದೇ ಪಾತ್ರೆ ಮತ್ತೆ ಒಲೆ ಮೇಲೆ ಬಂತು. ಮೇಲಿನ ತಿಳಿ ಮಧ್ಯಾಹ್ನವೇ ಅಪ್ಪ, ಅಜ್ಜಿಗೆ ಮುಗಿದಿತ್ತು. ತಳದಲ್ಲಿ ಬೇಳೆ, ಪುಡಿ, ಸಿಪ್ಪೆ ಬಿಟ್ಟ ಟೊಮೇಟೊ ಎಲ್ಲಾ ಕೂತಿತ್ತು. ಅಮ್ಮ ಒಂದು ಲೋಟ ಬಿಸಿನೀರು ಸುರಿದು, ಸೌಟಿನ ಬೆನ್ನಿನಿಂದ ಅದನ್ನು ಪಾತ್ರೆಯ ಗೋಡೆಗೆ ಒತ್ತಿ ಮಸೆದಳು. ಕುದಿ ಬಂದ ಮೇಲೆ ತುಪ್ಪದಲ್ಲಿ ಸಾಸಿವೆ, ಇಂಗಿನ ಇನ್ನೊಂದು ಒಗ್ಗರಣೆ. ಚುಂಯ್ ಅಂದಿತು. ಉಂಡೆ. ಅದೇ!

ಸ್ಕೂಲಿಗೆ ಹೋಗುವಾಗ ಡಬ್ಬಿಗೆ ಚಪಾತಿ. ಕಾಲೇಜಿನಲ್ಲಿ ಕ್ಯಾಂಟೀನು. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಹುಳಿ. ಇಷ್ಟು ವರ್ಷ ನಾನು ರಾತ್ರಿಯ ಸಾರು ಮಾತ್ರ ಉಂಡಿದ್ದೇನೆ. ಅಮ್ಮ ಅದನ್ನು ಬೆಳಿಗ್ಗೆ ಎಂಟಕ್ಕೇ ಮಾಡಿಟ್ಟಿರುತ್ತಿದ್ದಳು ಅಂತ ಒಂದು ದಿನವೂ ತಲೆಗೆ ಹೊಳೆದಿರಲಿಲ್ಲ.

ಚಾಮರಾಜಪುರದ ಸುಬ್ಬಕ್ಕ · 10.26

ಗಷ್ಟು! ಕೇಳಿದ್ದೆನೋ ಇಲ್ಲವೋ?

ಮಂಡ್ಯದ ಮುದ್ದೆ · 10.27

ಮಾರನೇ ದಿನದ ರುಚಿ ಅಂತ ಮೊದಲು ಹೇಳಿದ್ದು ನಾನು. ದಾಖಲಾಗಲಿ.

ರಸಾಯನ ಮೇಷ್ಟ್ರು · 10.45

ಹನ್ನೆರಡು ಗಂಟೆ ನೆನೆದಿದೆ ನೋಡಿ. ಪುಡಿಯ ಸತ್ವ ನೀರಿಗೆ ಇಳಿಯಲು, ಬೇಳೆಯ ಪಿಷ್ಟ ಉಬ್ಬಿ ಮಂದವಾಗಲು ಅಷ್ಟು ಹೊತ್ತು ಸಿಕ್ಕಿದೆ. ಹೋಗಿದ್ದ ಘಮವನ್ನು ಎರಡನೇ ಒಗ್ಗರಣೆ ವಾಪಸ್ ತಂದಿದೆ. ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಹೊರಗಿಟ್ಟರೆ ಮಧ್ಯಾಹ್ನ ಒಮ್ಮೆ ಚೆನ್ನಾಗಿ ಕುದಿಸಿಡಿ, ಎಂಜಲು ಸೌಟು ಒಳಗೆ ಬಿಡಬೇಡಿ. ಫ್ರಿಜ್ ಇದ್ದರೆ ಇನ್ನೂ ಒಳ್ಳೆಯದು. ಅನ್ನವನ್ನಂತೂ ಹೊರಗೆ ಬಿಡಲೇಬೇಡಿ. ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಉಗುಳುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಧಾರವಾಡದಂವ · 10.52

ಮೇಷ್ಟ್ರೇ, ನಮ್ಮಜ್ಜ ಎಂಬತ್ತೇಳು ವರ್ಷ ತಂಗಳನ್ನ ಮೊಸರು ಉಂಡು ಬದುಕಿದ.

ರಸಾಯನ ಮೇಷ್ಟ್ರು · 10.54

ಉಂಡು ಬದುಕದವರು ಇಲ್ಲಿ ಬಂದು ಬರೆಯುವುದಿಲ್ಲ ಸ್ವಾಮಿ.

ಇಬ್ಬರು ಮಕ್ಕಳ ತಾಯಿ · 11.03

ಖುಷಿಯಾಯಿತು ಓದಿ. ಒಂದೇ ಪ್ರಶ್ನೆ. ತಿಳಿ ಅಪ್ಪನಿಗೆ, ಅಜ್ಜಿಗೆ. ಗಷ್ಟು ನಿಮಗೆ. ಅಮ್ಮನಿಗೆ ಯಾವುದು?

ಒಂಟಿ ಒಲೆ · 11.10

ಕೇಳಲಿಲ್ಲ.

ಒಂಟಿ ಒಲೆ · ಸೋಮವಾರ ಬೆಳಿಗ್ಗೆ 8.35

ಈಗ ಫೋನ್ ಮಾಡಿ ಕೇಳಿದೆ. ಅವಳಿಗೆ ಸಾರು ಅಂದರೆ ಅಷ್ಟಕ್ಕಷ್ಟೇ ಅಂತೆ! ಮಜ್ಜಿಗೆಹುಳಿ ಅಂದರೆ ಪ್ರಾಣ. ಅಪ್ಪನಿಗೆ ಆಗಲ್ಲ ಅಂತ ಎಷ್ಟೋ ವರ್ಷದಿಂದ ಮಾಡೇ ಇಲ್ಲ. ಮುಂದಿನ ವಾರ ಇಲ್ಲಿಗೆ ಬರುತ್ತಿದ್ದಾಳೆ. ಬೂದುಗುಂಬಳಕಾಯಿ ತಂದು ಇವತ್ತಿನಿಂದಲೇ ಶುರು ಮಾಡುತ್ತೇನೆ. ಮೊಸರು ಒಡೆಯದ ಹಾಗೆ ಏನು ಮಾಡಬೇಕು?

ಕಡಲ ಕರಾವಳಿ · 8.50

ಕಾಯಿ ರುಬ್ಬುವಾಗ ಒಂದು ಚಮಚ ನೆನೆಸಿದ ಅಕ್ಕಿ ಹಾಕಿ. ಮಜ್ಜಿಗೆ ಕೊನೆಗೆ, ಸಣ್ಣ ಉರಿ, ಕುದಿ ಬರುವ ಮೊದಲೇ ಇಳಿಸಿ.

ಚಾಮರಾಜಪುರದ ಸುಬ್ಬಕ್ಕ · 8.54

ಅಕ್ಕಿಯಾ? ಮಜ್ಜಿಗೆಹುಳಿಗೆ ಅಕ್ಕಿ ಯಾರು ಹಾಕುತ್ತಾರೆ? ಕಡಲೆಬೇಳೆ ನೆನೆಸಿ ಹಾಕುವುದು!

ಕುಕ್ಕರ್ ಸೀಟಿ · 8.55

ಇಂಗು.